ಮರಳುವ ಋಣ ಯಾರದು?

ಕೆ.ಆರ್. ಪುರದಾಚೆಯ ಟೆಕ್ ಪಾರ್ಕಿನಿಂದ ಎಚ್-1ಬಿ ವೀಸಾದಲ್ಲಿ ಅಮೆರಿಕಕ್ಕೆ ಹೋದ ಎಂಜಿನಿಯರಿಗೆ, ತಾಯ್ನಾಡಿಗೆ ಮರಳಿ ಎರಡು ವರ್ಷ ಇರಬೇಕೆಂಬ ಷರತ್ತಿಲ್ಲ. ಕೈಯಿಂದ ಶುಲ್ಕ ಕಟ್ಟಿ ಎಫ್-1ರಲ್ಲಿ ಓದಲು ಹೋದ ಇಂದಿರಾನಗರದ ಹುಡುಗನಿಗೂ ಇಲ್ಲ. ಶಿವಾಜಿನಗರದ ಸಂಶೋಧನಾ ವಿದ್ಯಾರ್ಥಿನಿ ಫುಲ್‌ಬ್ರೈಟ್-ನೆಹರು ಫೆಲೋಶಿಪ್ ಗೆದ್ದು ಜೆ-1ರಲ್ಲಿ ಹೋದರೆ ಮಾತ್ರ ಇದೆ: ವಿನಾಯಿತಿ ಸಿಗದಿದ್ದರೆ, ಒಟ್ಟು ಎರಡು ವರ್ಷ ಭಾರತದಲ್ಲಿ ಕಳೆಯುವವರೆಗೆ ಆಕೆಗೆ ಎಚ್-1ಬಿಯೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ.

2024ರ ಡಿಸೆಂಬರ್ 9ರಂದು ಅಮೆರಿಕ ತನ್ನ 'ಕೌಶಲಗಳ ಪಟ್ಟಿ'ಯಿಂದ ಭಾರತವನ್ನು ಕೈಬಿಟ್ಟಿತು. ಆ ಪಟ್ಟಿಯ ಕಾರಣಕ್ಕಷ್ಟೇ ಷರತ್ತಿಗೆ ಸಿಕ್ಕಿದ್ದವರು ಪಾರಾದರು. ಸರ್ಕಾರಿ ಹಣದಲ್ಲಿ ಹೋದವರು, ವೈದ್ಯಕೀಯ ತರಬೇತಿಗೆ ಹೋದ ಡಾಕ್ಟರುಗಳು ಇದ್ದಲ್ಲೇ ಉಳಿದರು.

ಸಾರ್ವಜನಿಕ ಹಣಕ್ಕೆ ಋಣವಿದೆ, ಒಪ್ಪೋಣ. ಈ ಫೆಲೋಶಿಪ್ಪಿನಲ್ಲಿ ನಮ್ಮ ಸರ್ಕಾರದ ಪಾಲೂ ಇದೆ. ಆದರೆ ಮರಳಿ ಬಂದವಳಿಗೆ ನಾವು ಇಟ್ಟಿರುವುದೇನು? ಅತಿಥಿ ಉಪನ್ಯಾಸಕಿಯ ಕೆಲಸ, ತಡವಾಗಿ ಬರುವ ಗೌರವಧನ, ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂಬ ಚಿಂತೆ. ಜ್ಞಾನ ಬೇಕೆಂದು ಕರೆಸಿಕೊಂಡವರು ಅದಕ್ಕೊಂದು ಕುರ್ಚಿಯನ್ನಾದರೂ ಹಾಕಬೇಡವೇ? ದುಡ್ಡಿದ್ದವರಿಗಿಲ್ಲದ ದೇಶಋಣವನ್ನು ಪ್ರತಿಭೆಯೊಂದನ್ನೇ ನಂಬಿ ಹೋದವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಮೊದಲು ನಮ್ಮ ವಿಶ್ವವಿದ್ಯಾಲಯಗಳ ಖಾಲಿ ಹುದ್ದೆಗಳನ್ನು ತುಂಬಿ. ಋಣದ ಲೆಕ್ಕ ಆಮೇಲೆ ಕೇಳಿ.