ಟ್ರೈನಿಂಗ್ ಫೀಸು ಯಾವ ಲೆಕ್ಕಕ್ಕೆ?

ಮೊನ್ನೆ ಪಿರಿಯಾಪಟ್ಟಣದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಮನೇಲಿ ಹೊಗೆಸೊಪ್ಪು ಬೆಳೀತಾರೆ, ಒಂದು ಬ್ಯಾರನ್ ಇದೆ. ಈಗ ರಾಗಿ ಮಾಲ್ಟ್ ಮಾಡಿ ಮಾರೋ ಯೋಚನೆ. ‘ಅಣ್ಣಾ, ಟ್ರೈನಿಂಗ್‌ಗೆ 15 ಸಾವಿರ ಕಟ್ಟಿದೀನಿ. ಟ್ಯಾಕ್ಸ್‌ನಲ್ಲಿ ಕಳೀಬೋದಂತೆ, ಹೌದಾ?’ ಅಂದ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಹುಡುಗರೂ ಇದನ್ನೇ ಕೇಳ್ತಾರೆ.

ಮೊದಲು ಎರಡು ಜೇಬು ಬೇರೆ ಮಾಡ್ಕೊಳ್ಳಿ. ಸೊಪ್ಪನ್ನ ಬ್ಯಾರನ್‌ನಲ್ಲಿ ಹದ ಮಾಡಿ ಹರಾಜಿಗೆ ಹಾಕಿದರೂ ಅದು ಕೃಷಿ ಆದಾಯ. ನರ್ಸರಿಯಲ್ಲಿ ಬೆಳೆಸಿದ ಸಸಿ ಮಾರಿದ್ದೂ ಹಾಗೇ. ಅಲ್ಲಿ ತೆರಿಗೆಯೇ ಇಲ್ಲ, ಹಾಗಾಗಿ ಬೇಸಾಯದ ತರಬೇತಿ ಫೀಸನ್ನ ಕಳೆಯೋ ಮಾತೂ ಇಲ್ಲ. ಹೈನು, ಕೋಳಿ, ಮಾಲ್ಟ್ ವ್ಯಾಪಾರದ ಜೇಬು. ನಿಮ್ಮದೇ ಹೊಲದ ರಾಗಿ ಬಳಸಿದರೆ ಆ ರಾಗಿಯ ಮಾರುಕಟ್ಟೆ ಬೆಲೆಯಷ್ಟು ಕೃಷಿ ಲೆಕ್ಕಕ್ಕೆ ಹೋಗುತ್ತೆ, ಮಿಕ್ಕ ಲಾಭ ವ್ಯಾಪಾರದ್ದು.

ವ್ಯಾಪಾರದಲ್ಲೂ ಬಹಳ ಜನ ಅಂದಾಜು ಲಾಭದ ಪದ್ಧತಿಯಲ್ಲೇ ರಿಟರ್ನ್ ಹಾಕ್ತಾರೆ. ವರ್ಷಕ್ಕೆ 10 ಲಕ್ಷ ವಹಿವಾಟು, ಎಲ್ಲಾ ಯುಪಿಐ, ಬ್ಯಾಂಕ್ ಮೂಲಕ ಬಂತು ಅನ್ನಿ. ಅದರ ಶೇ. 6, ಅಂದರೆ 60 ಸಾವಿರ ಲಾಭ ಅಂತ ತೋರಿಸಿದರೆ ಸಾಕು. ನಗದಾದರೆ ಶೇ. 8. ಬಾಡಿಗೆ, ಕರೆಂಟು, ಟ್ರೈನಿಂಗ್ ಎಲ್ಲಾ ಖರ್ಚೂ ಅದರಲ್ಲೇ ಕಳೆದಂಗೆ. ಆ 15 ಸಾವಿರನ ಮತ್ತೆ ಬೇರೆ ಕಳೆಯೋ ಹಂಗಿಲ್ಲ. ಬೇರೆ ದುಡಿಮೆ ಇಲ್ಲದವನಿಗೆ 60 ಸಾವಿರಕ್ಕೆ ತೆರಿಗೆ ಬೀಳಲ್ಲ, ಆದರೂ ರಿಟರ್ನ್ ಹಾಕಿ, ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೇಳೋದು ಅದನ್ನೇ.

ಲೆಕ್ಕಪುಸ್ತಕ ಇಟ್ಟು ನಿಜವಾದ ಲಾಭ ತೋರಿಸೋರಿಗೆ ಮಾತ್ರ ಈ ಪ್ರಶ್ನೆ ಬರೋದು. ಯೂನಿಟ್ ನಡೀತಿರುವಾಗ ನೀವೋ, ನಿಮ್ಮ ಕೆಲಸದವರೋ ಪ್ಯಾಕಿಂಗ್ ಕಲಿಯಕ್ಕೆ ಹೋದರೆ ಆ ಫೀಸು ವ್ಯಾಪಾರದ ಖರ್ಚು. ಆದರೆ ಯೂನಿಟ್ ಸಜ್ಜಾಗೋಕೆ ಮುಂಚೆ ಕಲಿತದ್ದಕ್ಕೆ ತಕರಾರು ಬರುತ್ತೆ, ‘ಇನ್ನೂ ವ್ಯಾಪಾರವೇ ಇರಲಿಲ್ಲವಲ್ಲ’ ಅಂತಾರೆ. ಇದು ನನಗೆ ಒಪ್ಪಿಗೆಯಿಲ್ಲ. ನಡೀತಿರೋ ಕಂಪನಿ ನೌಕರನನ್ನ ಕಳಿಸಿದರೆ ಖರ್ಚು, ನಮ್ಮ ಹುಡುಗ ಸಾಲ ಮಾಡಿ ಮೊದಲು ಕಲಿತು ಆಮೇಲೆ ಶುರು ಮಾಡಿದರೆ ಸ್ವಂತ ಕರ್ಚಾ? ಕಲಿಯದೆ ಆಹಾರದ ವ್ಯಾಪಾರಕ್ಕೆ ಇಳಿಯೋದೇ ತಪ್ಪು. ಮೊದಲ ವರ್ಷದ ಖರ್ಚಲ್ಲಿ ಇದನ್ನ ಒಪ್ಪುವಂತೆ ಕಾನೂನು ಸ್ಪಷ್ಟವಾಗಿ ಹೇಳಬೇಕು.

ಅಲ್ಲೀವರೆಗೆ, ಮೈಸೂರಿನ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಇದೆ, ಅದನ್ನ ಮೊದಲು ನೋಡಿ. ಸಿಎಫ್‌ಟಿಆರ್‌ಐ ಕೋರ್ಸುಗಳಿಗೆ ಫೀಸುಂಟು. ಯೂನಿಟ್ ಸಜ್ಜಾದ ಮೇಲೆ ಹೋದರೆ ಲೆಕ್ಕಕ್ಕೆ ಸಲೀಸು. ನಾನು ಒಂದು ಕಡೆ ನಗದು ಕೊಟ್ಟು ರಸೀದಿ ಕೇಳದೆ ಬಂದಿದ್ದೆ. ಆಡಿಟರ್ ‘ಪೇಪರ್ ಎಲ್ಲಿ?’ ಅಂದಾಗ ನನ್ನತ್ರ ಮಾತಿರಲಿಲ್ಲ.

ಆ ಹುಡುಗನಿಗೂ ರಸೀದಿ ಕಳಿಸು ಅಂದೆ. ವಾಟ್ಸಪ್‌ನಲ್ಲಿ ಬಂತು. ತೆಗೆದು ನೋಡಿದರೆ ಹೆಸರು ಅವರ ಮಾವನದು, ದುಡ್ಡು ಹಾಕಿದ್ದು ಮಾವನ ಫೋನಿಂದ.