ಏನೂ ಆಗಲಿಲ್ಲ ಎಂಬುದು ಪುರಾವೆಯೇ?

ಅನುಭವವೇ ಗುರು ಎಂಬ ಮಾತನ್ನು ನಾವು ಸುಲಭವಾಗಿ ಒಪ್ಪುತ್ತೇವೆ. ಈಜು ಕಲಿಯುವವನು ನಾಲ್ಕು ಗುಟುಕು ನೀರು ಕುಡಿದೇ ಕಲಿಯುತ್ತಾನೆ. ತಪ್ಪು ಮಾಡಿದ ಕ್ಷಣದಲ್ಲೇ ತಪ್ಪು ಗೊತ್ತಾಗುತ್ತದೆ. ಸ್ಕೀಯಿಂಗ್ ಮತ್ತು ಸ್ನೋಬೋರ್ಡಿಂಗ್‌ನಲ್ಲೂ, ಕಂಬ ನೆಟ್ಟು ಯಂತ್ರದಿಂದ ಹದಮಾಡಿದ ‘ಪಿಸ್ಟ್’ ಎಂಬ ದಾರಿಯ ಮಟ್ಟಿಗೆ, ಇದು ನಿಜ. ಆ ಕಂಬಗಳನ್ನು ದಾಟಿದ ಮೇಲೆ ಮಾತ್ರ ಗುರು ಸುಳ್ಳು ಹೇಳತೊಡಗುತ್ತಾನೆ. ಹಿಮದಾಟದ ಸುರಕ್ಷತೆಯ ಚರ್ಚೆ ಹೆಚ್ಚಾಗಿ ಹೆಲ್ಮೆಟ್ಟು, ಏರ್‌ಬ್ಯಾಗುಗಳಲ್ಲೇ ಮುಗಿದುಹೋಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಈ ಸುಳ್ಳು.

ಮೊದಲು ಪಿಸ್ಟ್‌ನ ಮಾತು. ಅಲ್ಲಿನ ಅಪಾಯ ವೇಗದ್ದು, ಜನಸಂದಣಿಯದ್ದು. ಸ್ಕೀ ಮಾಡುವವರಿಗೆ ಮೊಣಕಾಲು ತಿರುಚುತ್ತದೆ, ಸ್ನೋಬೋರ್ಡಿನವರು ಕೈ ಊರಿ ಬಿದ್ದು ಮಣಿಕಟ್ಟು ಮುರಿದುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ರೂಪಿಸಿದ ಹತ್ತು ನಡವಳಿಕೆಯ ನಿಯಮಗಳಲ್ಲಿ ಮುಖ್ಯವಾದದ್ದು ಒಂದೇ: ಮುಂದೆ ಇಳಿಯುತ್ತಿರುವವರಿಗೆ ಮೊದಲ ಹಕ್ಕು, ಹಿಂದಿನಿಂದ ಬರುವವರದೇ ಹೊಣೆ. ಹಾಗೆಂದು ಪಿಸ್ಟ್ ನಿರುಪದ್ರವಿಯಲ್ಲ. 2009ರಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಮೊಂ ತ್ರಾಂಬ್ಲಾಂನಲ್ಲಿ, ಕಲಿಯುವವರ ಸೌಮ್ಯ ಇಳಿಜಾರಿನಲ್ಲೇ ಬಿದ್ದರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಎದ್ದು ಮಾತಾಡುತ್ತಿದ್ದರು, ಚಿಕಿತ್ಸೆ ಬೇಡವೆಂದರು. ತಲೆಬುರುಡೆಯೊಳಗಿನ ರಕ್ತಸ್ರಾವದಿಂದ ಎರಡೇ ದಿನಗಳಲ್ಲಿ ತೀರಿಕೊಂಡರು. ತಲೆಗೆ ಪೆಟ್ಟು ಬಿದ್ದವರು ‘ನನಗೇನೂ ಆಗಿಲ್ಲ’ ಎಂದರೆ ನಂಬದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಪಿಸ್ಟ್‌ನ ಅಂಚು ಕಣ್ಣಿಗೆ ಬರೀ ಒಂದು ಗೆರೆ. ಫಾರ್ಮುಲಾ ಒನ್ ಕಾರ್ ರೇಸಿನ ಮೈಕಲ್ ಶುಮಾಕರ್ 2013ರ ಡಿಸೆಂಬರ್ 29ರಂದು ಫ್ರಾನ್ಸಿನ ಮೆರಿಬೆಲ್‌ನಲ್ಲಿ ಬಂಡೆಗೆ ತಲೆ ಬಡಿಸಿಕೊಂಡಾಗ ಆ ಗೆರೆಯಿಂದ ಕೆಲವೇ ಮೀಟರ್ ಆಚೆಗಿದ್ದರು. ಹೆಲ್ಮೆಟ್ ಧರಿಸಿದ್ದರು, ನುರಿತ ಸ್ಕೀಪಟುವೂ ಆಗಿದ್ದರು. ಗೆರೆಯ ಒಳಗಿನ ಬಂಡೆ, ಬಿರುಕು, ಸಡಿಲ ಹಿಮದ ಚಿಂತೆಯನ್ನು ನಮ್ಮ ಪರವಾಗಿ ಬೇರೊಬ್ಬರು ಮಾಡಿರುತ್ತಾರೆ. ಆಚೆಗೆ ಆ ಹೊಣೆ ಪೂರ್ತಿ ನಮ್ಮದು.

ಈಗ ಹಿಮಕುಸಿತದ ವಿಷಯ. ಪರ್ವತದ ಹಿಮ ಒಂದೇ ಗಟ್ಟಿಯಲ್ಲ. ಒಂದೊಂದು ಹಿಮಪಾತವೂ ಒಂದೊಂದು ಪದರ ಕಟ್ಟುತ್ತದೆ. ಅವುಗಳ ನಡುವೆ ಸಕ್ಕರೆಯಂತೆ ಹರಳುಹರಳಾದ ದುರ್ಬಲ ಪದರವೊಂದು ವಾರಗಟ್ಟಲೆ ಹುದುಗಿರಬಹುದು. 30 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಅದರ ಮೇಲೊಬ್ಬ ಮನುಷ್ಯನ ಭಾರ ಬಿದ್ದರೆ ಇಡೀ ಹಾಸು ಬಿರಿದು ಜಾರಬಹುದು. ಸಿಕ್ಕಿಬೀಳುವವರಲ್ಲಿ ಬಹುಪಾಲು ಜನ ತಾವೇ ಅಥವಾ ತಮ್ಮ ಜೊತೆಗಾರರೇ ಕೆದಕಿದ ಕುಸಿತಕ್ಕೆ ಬಲಿಯಾಗುತ್ತಾರೆ. ಆದರೆ ಆ ಪದರ ಎಲ್ಲ ಕಡೆ ಒಂದೇ ಆಳದಲ್ಲಿರುವುದಿಲ್ಲ. ಹತ್ತು ಜನ ಇಳಿದುಹೋದ ಜಾಗದಲ್ಲಿ ಹನ್ನೊಂದನೆಯವನ ಅಡಿಯಲ್ಲಿ ಅದು ಮುರಿಯಬಹುದು. ಮೊದಲ ಹತ್ತು ಜನ ಜಾಣರಾಗಿದ್ದರೋ ಅದೃಷ್ಟವಂತರಾಗಿದ್ದರೋ ಹೇಳುವುದು ಹೇಗೆ? ಇಬ್ಬರಿಗೂ ಸಿಗುವ ಬಹುಮಾನ ಒಂದೇ: ಆನಂದದ ಇಳಿತ, ಸಂಜೆಯ ಬಿಸಿ ಚಹಾ. ತಪ್ಪು ನಿರ್ಧಾರವನ್ನು ಪರ್ವತ ವರ್ಷಗಟ್ಟಲೆ ಮೆಚ್ಚಿ ಬೆನ್ನು ತಟ್ಟುತ್ತದೆ.

ಅಮೆರಿಕದ ಸಂಶೋಧಕ ಇಯಾನ್ ಮೆಕ್‌ಕ್ಯಾಮನ್ 700ಕ್ಕೂ ಹೆಚ್ಚು ಹಿಮಕುಸಿತದ ಅವಘಡಗಳನ್ನು ಪರಿಶೀಲಿಸಿದಾಗ ಕಂಡದ್ದು ಅಜ್ಞಾನವನ್ನಲ್ಲ. ತರಬೇತಿ ಪಡೆದವರೂ ಕಣ್ಣೆದುರಿನ ಸೂಚನೆಗಳನ್ನು ದಾಟಿ ಹೋಗಿದ್ದರು. ಪರಿಚಿತ ಜಾಗ, ಹೊರಟಾಗಿದೆ ಎಂಬ ಹಟ, ಗುಂಪಿನಲ್ಲೊಬ್ಬ ಬಲ್ಲವನಿದ್ದಾನೆ ಎಂಬ ಭರವಸೆ ಅವರನ್ನು ಮುಂದೆ ತಳ್ಳಿದ್ದವು. 2012ರ ಫೆಬ್ರವರಿ 19ರಂದು ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಬಳಿಯ ಟನಲ್ ಕ್ರೀಕ್‌ಗೆ ಇಳಿಯಲು ಹೊರಟ ದೊಡ್ಡ ಗುಂಪಿನಲ್ಲಿ ಅಳುಕಿದವರೂ ಇದ್ದರು. ಆದರೆ ಅಷ್ಟು ಜನ ಪಳಗಿದವರ ನಡುವೆ ಬೇಡವೆಂದು ಗಟ್ಟಿಯಾಗಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹಿಮ ಕುಸಿದು ಮೂವರು ಸತ್ತರು.

ಅದಕ್ಕೆ ಎರಡು ದಿನ ಮೊದಲು ಆಸ್ಟ್ರಿಯಾದ ಲೆಖ್‌ನಲ್ಲಿ ನೆದರ್‌ಲ್ಯಾಂಡ್ಸಿನ ರಾಜಕುಮಾರ ಫ್ರಿಸೊ ಸುಮಾರು 25 ನಿಮಿಷ ಹಿಮದಡಿ ಹೂತುಹೋದರು. ಮರುವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಅಂದು ಅಲ್ಲಿನ ಹಿಮಕುಸಿತದ ಎಚ್ಚರಿಕೆ ಐದು ಹಂತಗಳಲ್ಲಿ ನಾಲ್ಕನೆಯದರಲ್ಲಿತ್ತು. ಹೂತುಹೋದವರನ್ನು ಮೊದಲ ಹದಿನೈದು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು. ಕೆಳಗಿನಿಂದ ರಕ್ಷಣಾ ತಂಡ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೂತವರ ಜಾಗ ಪತ್ತೆಹಚ್ಚುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಸಲಿಕೆ ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು ಎನ್ನುವುದು ಇದಕ್ಕೇ. ನಿಮ್ಮ ಚೀಲದ ಸಲಿಕೆ ಉಳಿಸುವುದು ನಿಮ್ಮನ್ನಲ್ಲ, ಜೊತೆಯವರನ್ನು. ಹಾಗಾಗಿ ಒಂಟಿಯಾಗಿ ಹೋಗುವವನಿಗೆ ಇವುಗಳಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಮರಕ್ಕೋ ಬಂಡೆಗೋ ಬಡಿದು ಸಾಯುವವರಿಗಂತೂ ಇಲ್ಲವೇ ಇಲ್ಲ.

ಇದು ದೂರದ ದೇಶಗಳ ಕಥೆಯೆಂದು ಬಿಡುವಂತಿಲ್ಲ. ಬೆಂಗಳೂರಿನ ಯುವಕ ಯುವತಿಯರೂ ಸ್ಕೀ ಕಲಿಯಲು ಗುಲ್ಮಾರ್ಗ್‌ಗೆ ಹೋಗುತ್ತಾರೆ. ಅಲ್ಲಿನ ‘ಗೊಂಡೊಲಾ’ ಎಂಬ ಕೇಬಲ್ ಕಾರು ಯಾವ ದಣಿವೂ ಇಲ್ಲದೆ ಅಫರ್ವತ್ ಬೆಟ್ಟದ ಮೇಲೆ, 3,900 ಮೀಟರ್‌ಗೂ ಎತ್ತರಕ್ಕೆ ತಲುಪಿಸಿಬಿಡುತ್ತದೆ. ಸುತ್ತಲಿನ ಇಳಿಜಾರುಗಳಲ್ಲಿ ಹೆಚ್ಚಿನವು ಕಂಬ ಗೆರೆಗಳಿಲ್ಲದ ಕಾಡುಹಿಮ. 2023ರ ಫೆಬ್ರವರಿಯಲ್ಲಿ ಅಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಹಿಮಕುಸಿತಕ್ಕೆ ಬಲಿಯಾದರು. 2010ರಲ್ಲಿ ಖಿಲನ್‌ಮಾರ್ಗ್ ಬಳಿ ಸತ್ತ 17 ಮಂದಿ ಸೇನೆಯ ಎತ್ತರ ಪ್ರದೇಶ ಯುದ್ಧಶಾಲೆಯಲ್ಲಿ ತರಬೇತಿಯಲ್ಲಿದ್ದ ಯೋಧರು.

ಹಾಗಾದರೆ ನಿಷೇಧಿಸಿಬಿಡಬೇಕೆ? ಅದನ್ನು ನಾನು ಒಪ್ಪಲಾರೆ. ಮುಟ್ಟದ ಹಿಮದ ಮೇಲೆ ಇಳಿಯುವ ಆನಂದ ಸಣ್ಣದಲ್ಲ. ‘ಅವರ ಜೀವ, ಅವರಿಷ್ಟ’ ಎಂಬುದನ್ನೂ ಒಪ್ಪಲಾರೆ. ಮೇಲಿನವನು ಕೆದಕಿದ ಹಿಮ ಕೆಳಗಿನವರ ಮೇಲೆ ಬೀಳುತ್ತದೆ, ಅವನನ್ನು ಹುಡುಕಲು ಹೋಗುವವರಿಗೂ ಮನೆ ಮಠ ಇರುತ್ತದೆ. ನಡುವಿನ ದಾರಿಯೆಂದರೆ ನಿರ್ಧಾರವನ್ನು ಬೆಟ್ಟದ ಮೇಲಿನಿಂದ ಕೆಳಕ್ಕೆ ತರುವುದು. ಎಚ್ಚರಿಕೆಯ ಹಂತ ಮೂರಿದ್ದರೆ ಅದನ್ನು ‘ಮಧ್ಯಮ’ ಎಂದು ಓದಬಾರದು. ಆಲ್ಪ್ಸ್‌ನಲ್ಲಿ ಅತಿ ಹೆಚ್ಚು ಸಾವುಗಳಾಗುವುದು ಆ ಹಂತದಲ್ಲೇ. ಅಂಥ ದಿನ 30 ಡಿಗ್ರಿಗಿಂತ ಕಡಿದಾದ ಇಳಿಜಾರಿನ ಮೇಲಾಗಲಿ ಅಡಿಯಲ್ಲಾಗಲಿ ಹೋಗುವುದಿಲ್ಲವೆಂದು ಗೊಂಡೊಲಾ ಏರುವ ಮೊದಲೇ ತೀರ್ಮಾನವಾಗಬೇಕು.

ನಮ್ಮವರಿಗೆ ಇದರಲ್ಲೊಂದು ವಿಶೇಷ ತೊಡಕಿದೆ. ಹಿರಿಯರ, ಗೈಡಿನ ಮಾತಿಗೆ ಎದುರಾಡುವುದು ನಮಗೆ ಕಷ್ಟ. ರಜೆ ಹಾಕಿ, ದುಡ್ಡು ಸುರಿದು ಬಂದ ಮೇಲೆ ‘ವಾಪಸ್ ಹೋಗೋಣ’ ಎನ್ನುವುದು ಇನ್ನೂ ಕಷ್ಟ. ಗೈಡ್ ಆದವನು ಬೆಳಗ್ಗೆಯೇ ತಂಡವನ್ನು ನಿಲ್ಲಿಸಿಕೊಂಡು, ಯಾರೇ ಒಬ್ಬರು ಬೇಡವೆಂದರೂ ಎಲ್ಲರೂ ಮರಳುತ್ತೇವೆ, ಕಾರಣ ಕೇಳುವುದಿಲ್ಲ ಎಂದು ಹೇಳಲಿ. ಹಾಗೆ ಹೇಳದ ಗೈಡಿನ ಜೊತೆ ಪಿಸ್ಟ್ ಬಿಟ್ಟು ಹೊರಡಬೇಡಿ.