ಸಾಗರದಾಚೆಯ ಸೇವೆಗೆ ಕರೆ: ಒಂದು ವಿಚಾರ

ದೂರದೇಶಕ್ಕೆ ಹೋಗಿ ಅಲ್ಲಿನ ದೀನರ, ರೋಗಿಗಳ ಸೇವೆ ಮಾಡಬೇಕೆಂಬ ಕರೆ ಕ್ರೈಸ್ತ ಸಮಾಜಕ್ಕೆ ಹೊಸದಲ್ಲ. ಹೊಸದಾಗಿರುವುದು ಆ ಸೇವೆಯ ಅವಧಿ. ಹಿಂದೆ ಹಡಗು ಹತ್ತಿದವನು ತಾಯ್ನಾಡನ್ನು ಮರಳಿ ಕಾಣುವೆನೆಂಬ ಭರವಸೆಯಿಲ್ಲದೆ ಹೊರಡುತ್ತಿದ್ದನು. ಇಂದು ವಿಮಾನದಲ್ಲಿ ಹೊರಟ ತಂಡವು ಎರಡು ವಾರಗಳಲ್ಲಿ ಸೇವೆಯನ್ನು ಮುಗಿಸಿ ಛಾಯಾಚಿತ್ರಗಳೊಂದಿಗೆ ಹಿಂದಿರುಗುತ್ತದೆ. ಅಮೆರಿಕದ ಚರ್ಚುಗಳಲ್ಲಿ ಬಹು ಪ್ರಚಲಿತವಾಗಿರುವ ಈ ಕಿರು ಸೇವಾಯಾತ್ರೆಯ ಪದ್ಧತಿ ಭಾರತದ ಮಹಾನಗರಗಳಿಗೂ ಬಂದಿದೆ. ನೇಪಾಳಕ್ಕೋ ಆಫ್ರಿಕದ ಯಾವುದಾದರೊಂದು ದೇಶಕ್ಕೋ ಹೋಗಿಬರುವ ಆಹ್ವಾನವು ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆಸಿರುವ ಕನ್ನಡ ಕ್ರೈಸ್ತ ತರುಣ ತರುಣಿಯರ ಕಿವಿಗೂ ಬೀಳಬಹುದು. ಬಿದ್ದಾಗ ಅವರೂ ಅವರ ತಂದೆತಾಯಿಗಳೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಕರೆದವರು ಯಾರು? ಹೋದವರು ಹಿಂದಿರುಗಿದ ಮೇಲೆ ಅಲ್ಲಿ ಉಳಿಯುವುದೇನು?

ಉತ್ತರವನ್ನು ಹುಡುಕಲು ಗುಜರಾತಿನ ಕನ್ನಡಿಗನು ಬಹುದೂರ ಹೋಗಬೇಕಾಗಿಲ್ಲ. 1815ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಸ್ಕಿನ್ನರ್ ಮತ್ತು ಫೈವಿ ಎಂಬ ಇಬ್ಬರು ಪಾದ್ರಿಗಳು ಸೂರತ್ತಿಗೆ ಬಂದಿಳಿದರು. ಅವರ ಬಹುಪಾಲು ಶ್ರಮವು ಗುಜರಾತಿಯನ್ನು ಕಲಿಯುವುದಕ್ಕೂ ಆ ಭಾಷೆಗೆ ಬೈಬಲನ್ನು ತರುವುದಕ್ಕೂ ಸಂದಿತು. ಅವರ ನಂತರ ಬರೋಡಾ ಸೀಮೆಯಲ್ಲೂ ಬೋರ್ಸದಿನಲ್ಲೂ ದುಡಿದವರು ಜೋಸೆಫ್ ವಾನ್ ಸೋಮರೆನ್ ಟೇಲರ್. ಇವರು ಹುಟ್ಟಿದ್ದು 1820ರಲ್ಲಿ, ಬಳ್ಳಾರಿಯಲ್ಲಿ! ತಂದೆ ಬಳ್ಳಾರಿ, ಬೆಳಗಾವಿಗಳಲ್ಲಿ ಕೆಲಸಮಾಡಿದ ಪಾದ್ರಿ. ಮಗನು ಗುಜರಾತಿನ ಹಳ್ಳಿಗಳಲ್ಲಿ ವರ್ಷಾನುಗಟ್ಟಲೆ ಓಡಾಡಿ, 1867ರಲ್ಲಿ ಗುಜರಾತಿ ಭಾಷೆಯ ವ್ಯಾಕರಣವನ್ನು ಗುಜರಾತಿಯಲ್ಲಿಯೇ ಬರೆದರು. ಅವರನ್ನು ಗುಜರಾತಿ ವ್ಯಾಕರಣದ ಪಿತಾಮಹರೆಂದು ಕರೆಯುವುದುಂಟು. ಇಪ್ಪತ್ತು ವರ್ಷ ಮಣಿನಗರದಲ್ಲಿ ವಾಸಮಾಡಿಯೂ ತರಕಾರಿಯವನೊಡನೆ ಹಿಂದಿಯಲ್ಲಿಯೇ ಚೌಕಾಸಿ ಮಾಡುವ ಕನ್ನಡಿಗರಿಗೆ ಬಳ್ಳಾರಿಯಲ್ಲಿ ಹುಟ್ಟಿದವರ ಈ ಸಾಧನೆ ಸ್ವಲ್ಪ ಚುಚ್ಚುವಂತಹದೇ ಸರಿ.

ಅಹಮದಾಬಾದಿನ ಉದಾಹರಣೆಯು ತೀರ ಇತ್ತೀಚಿನದು. ಸ್ಪೇನ್ ದೇಶದ ಜೆಸ್ವಿಟ್ ಪಾದ್ರಿ ಕಾರ್ಲೋಸ್ ವಾಲೆಸ್ 1949ರಲ್ಲಿ ಭಾರತಕ್ಕೆ ಬಂದು, ಮುಂದೆ ಇಲ್ಲಿನ ಸೇಂಟ್ ಜೇವಿಯರ್ಸ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾದರು. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ ಗುಜರಾತಿ ಬಾರದಿದ್ದರೂ ಅವರ ಉದ್ಯೋಗಕ್ಕೆ ಊನವಿರಲಿಲ್ಲ. ಆದರೂ ಕಲಿತರು, ಕಲಿತು ಗುಜರಾತಿಯ ಜನಪ್ರಿಯ ಪ್ರಬಂಧಕಾರರಾದರು. 1978ರಲ್ಲಿ ಗುಜರಾತಿ ಸಾಹಿತ್ಯದ ಹಿರಿಯ ಗೌರವವಾದ ರಣಜಿತರಾಮ ಸುವರ್ಣ ಚಂದ್ರಕ ಅವರಿಗೆ ಸಂದಿತು. ಸಂಸ್ಥೆಯ ವಸತಿಯನ್ನು ಬಿಟ್ಟು, ಹಳೆಯ ಊರಿನ ಪೋಳುಗಳಲ್ಲಿ ಸಾಮಾನ್ಯ ಕುಟುಂಬಗಳ ಅತಿಥಿಯಾಗಿ, ಕೆಲವು ದಿನ ಈ ಮನೆ ಕೆಲವು ದಿನ ಆ ಮನೆ ಎಂಬಂತೆ ಸುಮಾರು ಹತ್ತು ವರ್ಷ ಬಾಳಿದರು. ಆ ಮನೆಯವರು ಉಂಡದ್ದನ್ನೇ ಉಂಡು, ಅವರು ಮಲಗಿದಲ್ಲಿಯೇ ಮಲಗಿದರು. 2020ರಲ್ಲಿ ಅವರು ಮ್ಯಾಡ್ರಿಡಿನಲ್ಲಿ ತೀರಿಕೊಂಡಾಗ ಅಹಮದಾಬಾದು ತನ್ನವರೊಬ್ಬರನ್ನು ಕಳೆದುಕೊಂಡಂತೆ ಮರುಗಿತು. ಮರುವರ್ಷ ಭಾರತ ಸರ್ಕಾರವು ಮರಣೋತ್ತರವಾಗಿ ಪದ್ಮಶ್ರೀಯನ್ನಿತ್ತಿತು.

ಕನ್ನಡನಾಡಿನ ಮೋಗ್ಲಿಂಗ್, ಕಿಟೆಲ್ಲರ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1836ರಲ್ಲಿ ಬಂದ ಮೋಗ್ಲಿಂಗರು 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ್ದು 1843ರಲ್ಲಿ. 1853ರಲ್ಲಿ ಬಂದ ಕಿಟೆಲ್ಲರ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವಿನ ವರ್ಷಗಳಲ್ಲಿ ಕಿಟೆಲ್ಲರು ಮೊದಲ ಪತ್ನಿಯನ್ನು ಕಳೆದುಕೊಂಡಿದ್ದರು. ಇವರೆಲ್ಲರೂ ಮತಪ್ರಚಾರಕ್ಕೆಂದೇ ಬಂದವರೆಂಬುದನ್ನು ಮರೆಮಾಚುವುದು ಸರಿಯಲ್ಲ. ಸೇವೆಯ ಹೆಸರಿನಲ್ಲಿ ಮತಾಂತರ ನಡೆಯಕೂಡದೆಂದು ಸಾಬರಮತಿಯ ಮಹಾತ್ಮರು ಮಿಷನರಿ ಮಿತ್ರರಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ರೋಗಿಗೆ ಕೊಡುವ ಔಷಧವು ಅವನ ನಂಬಿಕೆಯ ಮೇಲೆ ಕೊಟ್ಟ ಮುಂಗಡ ಸಾಲವಾಗಬಾರದೆಂಬುದು ಇಂದಿಗೂ ನ್ಯಾಯವಾದ ಮಾತೇ. ಮತದ ವಿಷಯದಲ್ಲಿ ಇವರನ್ನು ಒಪ್ಪದ ಕನ್ನಡಿಗರೂ ಗುಜರಾತಿಗಳೂ ನಿಘಂಟು ವ್ಯಾಕರಣಗಳನ್ನು ಮಾತ್ರ ಕೃತಜ್ಞತೆಯಿಂದ ಸ್ವೀಕರಿಸಿದ್ದಾರೆ. ಆ ಕೃತಿಗಳು ಇಲ್ಲಿನವರ ಸೊತ್ತಾಗಿ ಉಳಿದವು.

ಇನ್ನು ಕರೆಯ ವಿಷಯ. ಇದನ್ನು ತಿಳಿಯಲು ವೆಲ್ಲೂರಿನ ಆಸ್ಪತ್ರೆಯ ಹುಟ್ಟನ್ನು ನೋಡಬೇಕು. ಅಲ್ಲಿಗೆ ಒಮ್ಮೆಯಾದರೂ ರೋಗಿಯನ್ನು ಕರೆದೊಯ್ಯದ ಕನ್ನಡ ಬಂಧುವರ್ಗ ವಿರಳ. ಐಡಾ ಸ್ಕಡ್ಡರ್ ಎಂಬ ಅಮೆರಿಕನ್ ತರುಣಿ 1890ರ ಸುಮಾರಿಗೆ ತಿಂಡಿವನಕ್ಕೆ ಬಂದದ್ದು ಅಸ್ವಸ್ಥಳಾದ ತಾಯಿಯನ್ನು ನೋಡಿಕೊಳ್ಳಲು. ಮಿಷನರಿಯಾಗುವ ಇಚ್ಛೆ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಒಂದು ರಾತ್ರಿ ಮೂವರು ಗಂಡಸರು, ಒಬ್ಬರಾದ ಮೇಲೊಬ್ಬರು, ಹೆರಿಗೆಯ ಸಂಕಟದಲ್ಲಿದ್ದ ಪತ್ನಿಯರಿಗಾಗಿ ನೆರವು ಕೇಳಿಕೊಂಡು ಬಂದರು. ವೈದ್ಯರಾಗಿದ್ದ ತಂದೆಯನ್ನು ಕರೆದೊಯ್ಯಲು ಮೂವರೂ ಒಪ್ಪಲಿಲ್ಲ. ಪರಪುರುಷನು ಮುಟ್ಟುವುದು ಅವರ ಸಂಪ್ರದಾಯಕ್ಕೆ ಸಲ್ಲದು. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ತೀರಿಕೊಂಡಿದ್ದರು. ಕರೆದವರು ಯಾರೆಂಬುದು ಇಲ್ಲಿ ಸ್ಪಷ್ಟವಾಗಿದೆ. ಆದರೆ ತರುಣಿಯ ಉತ್ತರವು ಮರುದಿನದ್ದಲ್ಲ. ಅವರು ಸ್ವದೇಶಕ್ಕೆ ಮರಳಿ ವೈದ್ಯಶಾಸ್ತ್ರವನ್ನು ಓದಿ, 1899ರಲ್ಲಿ ಪದವಿ ಪಡೆದು, 1900ರಲ್ಲಿ ಹಿಂದಿರುಗಿದರು. 1902ರಲ್ಲಿ ಆಸ್ಪತ್ರೆ, 1918ರಲ್ಲಿ ಇಲ್ಲಿನ ಹೆಣ್ಣುಮಕ್ಕಳನ್ನೇ ವೈದ್ಯರನ್ನಾಗಿಸುವ ಶಾಲೆ. 1960ರಲ್ಲಿ ಅವರು ನಿಧನರಾದಾಗ ಆ ಕೆಲಸ ನಿಲ್ಲಲಿಲ್ಲ.

ಎರಡು ವಾರಗಳ ವೈದ್ಯಕೀಯ ಶಿಬಿರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ರಕ್ತದೊತ್ತಡವಿರುವವನಿಗೆ ಹತ್ತು ದಿನಗಳ ಮಾತ್ರೆ ಕೊಟ್ಟು ಹೊರಟುಬಂದರೆ ಹನ್ನೊಂದನೆಯ ದಿನ ಅವನ ಗತಿಯೇನು? ಮಧುಮೇಹಕ್ಕೂ ಇದೇ ಮಾತು. ಕಣ್ಣಿನ ಪೊರೆ ತೆಗೆದವರಿಗೆ ವಾರಗಳ ಕಾಲ ಹನಿಔಷಧ ಬೇಕು. ಕಣ್ಣು ಕೆಂಪಾಗಿ ನೋವು ಬಂದರೆ ಅಂದೇ ನೋಡುವ ವೈದ್ಯರು ಬೇಕು. ದುಭಾಷಿಯ ಮೂಲಕ ಎರಡು ನಿಮಿಷದಲ್ಲಿ ಕೇಳಿದ ರೋಗಲಕ್ಷಣದಲ್ಲಿ ತಪ್ಪು ನುಸುಳುವುದು ಸುಲಭ. ಪುಕ್ಕಟೆ ಶಿಬಿರ ಬರುವುದೆಂದು ಕಾದು ಕುಳಿತ ಜನ ಊರಿನ ವೈದ್ಯನನ್ನು ಬಿಟ್ಟರೆ, ಶಿಬಿರ ಹೋದ ಮೇಲೆ ಅವನೂ ಅಂಗಡಿ ಮುಚ್ಚಿರುತ್ತಾನೆ. ಲೆಕ್ಕಪತ್ರ ಬಲ್ಲವರು ಹತ್ತು ಜನರ ವಿಮಾನದ ಟಿಕೆಟ್ಟು, ವೀಸಾ, ಊಟವಸತಿಗಳ ಮೊತ್ತವನ್ನು ಒಂದು ಕಡೆಯೂ, ಆ ಊರಿನ ಒಬ್ಬ ದಾದಿಯ ವರ್ಷದ ಸಂಬಳವನ್ನು ಮತ್ತೊಂದು ಕಡೆಯೂ ಬರೆದು ನೋಡಲಿ. ಚಂದಾ ಕೊಡುವ ಸಭೆಗೆ ಆ ಎರಡಂಕಣವನ್ನು ತೋರಿಸುವ ಧೈರ್ಯವಿರುವ ಸಂಘಟಕರು ಮಾತ್ರ ತಂಡ ಕಟ್ಟಲಿ.

ಕಿರುಯಾತ್ರೆಗಳೆಲ್ಲವೂ ವ್ಯರ್ಥವೆಂದು ಇದರ ಅರ್ಥವಲ್ಲ. ಅಲ್ಲಿನ ಆಸ್ಪತ್ರೆಯೇ ಇಂಥ ಶಸ್ತ್ರವೈದ್ಯರು ಬೇಕೆಂದು ಪತ್ರ ಬರೆದು, ಬಂದವರು ಶಸ್ತ್ರಕ್ರಿಯೆ ಮಾಡುವಾಗ ಅಲ್ಲಿನ ವೈದ್ಯರು ಪಕ್ಕದಲ್ಲಿ ನಿಂತು ಕಲಿಯುವುದಾದರೆ, ಮರುವರ್ಷವೂ ಅದೇ ತಂಡ ಅದೇ ಊರಿಗೆ ಹೋಗುವುದಾದರೆ, ಎರಡು ವಾರಗಳೂ ಸಾರ್ಥಕ. ಯಾವ ಕೌಶಲವೂ ಇಲ್ಲದ ಹದಿನೆಂಟರ ಹುಡುಗನು ಅಲ್ಲಿಯ ಶಾಲೆಯ ಗೋಡೆಗೆ ಸುಣ್ಣ ಬಳಿಯಲು ಸಮುದ್ರ ದಾಟುವುದು ಬೇರೆ ಮಾತು. ಸುಣ್ಣ ಬಳಿಯುವವರು ಆ ಊರಿನಲ್ಲಿಯೇ ಇದ್ದಾರೆ, ಅವರಿಗೆ ಕೂಲಿ ಬೇಕಾಗಿದೆ.

ವಿಚಾರ ಮಾಡಿಯೂ ಹೊರಡುವವರು ಆ ದೇಶದ ಕಾನೂನನ್ನು ಮೊದಲು ತಿಳಿಯಬೇಕು. ನೇಪಾಳದ 2015ರ ಸಂವಿಧಾನವು ಇತರರನ್ನು ಮತಾಂತರಿಸುವುದನ್ನು ನಿಷೇಧಿಸಿದೆ. ವಿದೇಶೀ ವೈದ್ಯರು ಸ್ಥಳೀಯ ಅನುಮತಿಯಿಲ್ಲದೆ ಚಿಕಿತ್ಸೆ ಮಾಡುವುದು ಬಹುತೇಕ ಎಲ್ಲೆಡೆಯೂ ಅಪರಾಧ. ಪ್ರವಾಸಿ ವೀಸಾ ಅದಕ್ಕೆ ರಕ್ಷಣೆಯಲ್ಲ.

ಆರೋಗ್ಯದ ಸಿದ್ಧತೆಯೂ ಅಷ್ಟೇ ಮುಖ್ಯ. ಬಾಸೆಲ್ ಮಿಷನ್ನಿನ ಅನೇಕರ ಆಯುಸ್ಸನ್ನು ಈ ದೇಶದ ಜ್ವರಗಳು ಕಸಿದುಕೊಂಡವು. ಇಂದಿನವರಿಗೆ ಆ ಹಣೆಬರಹವಿಲ್ಲ. ಆಫ್ರಿಕದ ಅನೇಕ ದೇಶಗಳಿಗೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರದಿಂದ ಮಾನ್ಯವಾದ ಕೇಂದ್ರದಲ್ಲಿಯೇ ಹಾಕಿಸಿಕೊಳ್ಳಬೇಕು. 2016ರಿಂದೀಚೆಗೆ ಆ ಪ್ರಮಾಣಪತ್ರಕ್ಕೆ ಆಜೀವ ಮಾನ್ಯತೆಯಿದೆ. ಅದಿಲ್ಲದೆ ಅಂತಹ ದೇಶದಿಂದ ಹಿಂದಿರುಗುವವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ತಡೆದು, ಆರು ದಿನಗಳವರೆಗೆ ಪ್ರತ್ಯೇಕವಾಗಿಡುವ ನಿಯಮವಿದೆ. ಮಲೇರಿಯಾ ತಡೆಯುವ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಹೊರಡುವ ಮೊದಲೇ ಆರಂಭಿಸಬೇಕು. ಅವುಗಳಲ್ಲಿ ಕೆಲವನ್ನು ಊರಿಗೆ ಬಂದ ಬಳಿಕವೂ ನಾಲ್ಕು ವಾರ ಬಿಡದೆ ನುಂಗಬೇಕು. ಮನೆ ಸೇರಿದ ಸಂತೋಷದಲ್ಲಿ ಅನೇಕರು ಇದನ್ನು ನಿಲ್ಲಿಸಿಬಿಡುತ್ತಾರೆ. ಹಿಂದಿರುಗಿದ ಕೆಲವು ತಿಂಗಳೊಳಗೆ ಜ್ವರ ಬಂದರೆ, ತಾವು ಯಾವ ದೇಶಕ್ಕೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಬೇಕು. ಆಫ್ರಿಕದ ಮಲೇರಿಯಾ ಬಹುಮಟ್ಟಿಗೆ ಮಾರಕ ಜಾತಿಯದು; ಅದರಲ್ಲಿ ರಕ್ತಪರೀಕ್ಷೆಗೆ ಎರಡು ದಿನ ತಡವಾದರೂ ಪ್ರಾಣಕ್ಕೆ ಅಪಾಯ.